ಒಂದು ಸೀಸೆಗೆ ಸಾಲುವಷ್ಟು ಮಕ್ಕಳು

ಝಮ್ಕು ಮದುವೆಯಾದ ವರ್ಷವೇ ಕಚ್ಛದ ಚಿಕ್ಕ ರಣ ಎಂಬ ಉಪ್ಪು ಬಯಲಿಗೆ ಇಳಿದವಳು. ಮಳೆಗಾಲದ ನೀರು ಇಂಗಿದೊಡನೆ ಉಪ್ಪು ತೆಗೆಯುವ ಅಗರಿಯಾ ಸಂಸಾರಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಆ ಬಯಲಿನ ಉಪ್ಪಿನ ಪಾತಿಗಳಿಗೆ ಹೋಗುತ್ತವೆ. ಮತ್ತೆ ಊರ ಮುಖ ನೋಡುವುದು ಮುಂದಿನ ಮುಂಗಾರಿಗೆ. ಗಂಡ ಸವಶಿ ನೆಲದಡಿಯ ಉಪ್ಪುನೀರೆತ್ತುವ ಪಂಪು ನೋಡಿಕೊಂಡರೆ, ಆ ನೀರಿನಲ್ಲಿ ನಿಂತು ಉಪ್ಪು ಬಾಚುವ ಗೋರೆ ಎಳೆಯುವುದು ಅವಳ ಪಾಲಿಗೆ.

ಮೊದಲ ಮಗಳು ಮೋಂಘಿ ದಡಾರದಿಂದ ಹೋದದ್ದು ಅಲ್ಲಿಯೇ. ಮೈತುಂಬ ಗುಳ್ಳೆ ಎದ್ದಾಗ, ದೇವಿ ತಾಯಿ ಮೈಮೇಲೆ ಬಂದಿದ್ದಾಳೆ ಎಂದು ಅತ್ತೆ ಒಣಗಿದ ಬೇವಿನ ಸೊಪ್ಪು ಕಟ್ಟಿದಳು. ಉಸಿರು ಗೊರಗುಟ್ಟತೊಡಗಿದ ಮೇಲೆ ಸವಶಿ ಮಗುವನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೊರಟ. ಅರ್ಧದಾರಿಯಲ್ಲೇ ಮಗು ತಣ್ಣಗಾಯಿತು. ಆ ಮಳೆಗಾಲ ಊರಿನ ನರ್ಸು ಬೇಸರದಿಂದ ಕೇಳಿದ್ದಳು: "ತಿಂಗಳು ತಿಂಗಳೂ ಸೂಜಿ ಹಾಕೋಕೆ ಬರ್ತಿದ್ದೆನಲ್ಲ, ಯಾಕೆ ಕರ್ಕೊಂಡು ಬರ್ಲಿಲ್ಲ?" ಆ ತಿಂಗಳುಗಳಲ್ಲೆಲ್ಲ ಝಮ್ಕು ರಣದಲ್ಲೇ ಇದ್ದಳು.

ಆಮೇಲೆ ಹುಟ್ಟಿದ ಮಗ ಹೇಗೋ ಬದುಕಿಕೊಂಡ. ವರ್ಷಗಳ ಮೇಲೆ ಅವನ ಮಗ ಖೋಡೋಗೆ ಹಲ್ಲು ಮೂಡಿ, ದಡಾರದ ಸೂಜಿಯ ವಯಸ್ಸು ಬಂದದ್ದೂ ರಣದಲ್ಲೇ. ಕುಡಿಯುವ ನೀರು ತರುವ ಜೂಸಬನ ಟ್ಯಾಂಕರು ಹತ್ತಿ, ಮೊಮ್ಮಗನನ್ನು ಸೆರಗಿನಲ್ಲಿ ಸುತ್ತಿಕೊಂಡು ಝಮ್ಕು ಊರಿಗೆ ಹೋದಳು. ಈಗಿನ ನರ್ಸು ಹಂಸಾಬೆನ್ ಎಳೆ ವಯಸ್ಸಿನವಳು.

"ಇವತ್ತು ಸೂಜಿ ದಿನ ಅಲ್ಲ ಕಾಕಿ. ಔಷಧಿ ಸೀಸೆ ಒಡೆದ್ರೆ ಹತ್ತು ಮಕ್ಕಳಿಗೆ ಆಗತ್ತೆ, ಕೆಲವೇ ಗಂಟೆ ಇರತ್ತೆ. ಒಬ್ಬನಿಗೆ ಅಂತ ಒಡೆದು ಉಳಿದಿದ್ದು ಚೆಲ್ಲಿದ್ರೆ ಮೇಲಿನವರು ನನ್ನ ಸುಮ್ನೆ ಬಿಡ್ತಾರಾ?"

"ಹಂಗಾದ್ರೆ ನೀನೇ ರಣಕ್ಕೆ ಬಾ."

"ರಣ ನನ್ನ ಊರಿನ ಲೆಕ್ಕಕ್ಕೇ ಬರಲ್ಲ. ಯಾರ ಲೆಕ್ಕಕ್ಕೆ ಬರತ್ತೋ, ಕೇಳಿದ್ರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ." ಖೋಡೋ ನರ್ಸಿನ ಬಳೆ ಹಿಡಿದು ಎಳೆಯುತ್ತಿದ್ದ. ಅವಳು ಮೆಲ್ಲನೆ ಬಳೆ ಬಿಡಿಸಿಕೊಂಡಳು. "ಹತ್ತು ಮಕ್ಕಳನ್ನ ಒಂದೇ ಕಡೆ ಸೇರಿಸ್ತೀಯಾ? ಸೇರಿಸಿದ್ರೆ ಇದೇ ಟ್ಯಾಂಕರಲ್ಲಿ ಬರ್ತೀನಿ."

ಒಂದು ಗುಡಿಸಲಿನಿಂದ ಇನ್ನೊಂದು ಗುಡಿಸಲು ಕಣ್ಣಿಗೆ ಚುಕ್ಕಿಯಷ್ಟೇ ಕಾಣುವ ಬಯಲು ಅದು. ಗೋರೆಯ ಕೆಲಸ ಮುಗಿಸಿ, ಬಿರುಕುಬಿಟ್ಟ ಕಾಲುಗಳಿಗೆ ಬಟ್ಟೆ ಸುತ್ತಿಕೊಂಡು ಝಮ್ಕು ದಿನಾ ಒಂದೊಂದು ದಿಕ್ಕಿಗೆ ನಡೆದಳು. ಕೆಲವರು ಚಹಾ ಕೊಟ್ಟು ಒಪ್ಪಿದರು. ಕೆಲವರು ನಕ್ಕರು. ರಾಮಿ ಎಂಬವಳು ಮಾತ್ರ ನೆಟ್ಟಗೆ ಜಗಳಕ್ಕೇ ನಿಂತಳು.

"ಸೂಜಿ ಹಾಕಿಸಿದ್ರೆ ಜ್ವರ ಬರತ್ತೆ. ಮಗು ಎತ್ಕೊಂಡು ಕೂತ್ರೆ ಪಾತಿ ಯಾರು ನೋಡ್ತಾರೆ, ನಿನ್ನ ನರ್ಸಮ್ಮನಾ?"

"ನಾನು ನೋಡ್ತೀನಿ. ಜ್ವರ ಬಿಡೋ ತನಕ ಮಗು ನನ್ನ ಗುಡಿಸಲಲ್ಲಿ ಇರ್ಲಿ."

"ದೊಡ್ಡ ಡಾಕ್ಟರ್ರು ಬಂದುಬಿಟ್ಳು! ನಿನ್ನ ಮಗಳನ್ನ ಉಳಿಸ್ಕೊಳ್ಳೋಕೆ ಆಯ್ತಾ?"

ಮಾತು ಬಾಯಿಂದ ಜಾರಿದ ಮೇಲೆ ರಾಮಿಯೇ ಬೆಚ್ಚಿದಳು. ಝಮ್ಕು ಕಾಲಿನ ಬಟ್ಟೆ ಬಿಗಿದುಕೊಂಡು ಅಲ್ಲಿಂದ ಎದ್ದಳು. ಅಂದು ಮನೆ ಸೇರಿದವಳು ರೊಟ್ಟಿ ಮುರಿಯಲೂ ಇಲ್ಲ. "ನಾಳೆ ಹೋಗ್ಬೇಡ, ಬಿಡು," ಎಂದ ಸವಶಿ. ಮರುದಿನ ಅವಳು ಹೋದಳು. ಜ್ವರ ಬಂದ ಮಗುವನ್ನು ತಾನು ನೋಡಿಕೊಳ್ಳುವೆನೆಂದು ರಾಮಿಗೆ ಕೊಟ್ಟ ಮಾತನ್ನೇ ಉಳಿದ ಗುಡಿಸಲುಗಳಲ್ಲೂ ಕೊಟ್ಟಳು.

ಹಂಸಾಬೆನ್ ಟ್ಯಾಂಕರಿನಿಂದ ಇಳಿದಾಗ ಅವಳ ಮುಖವೆಲ್ಲ ಧೂಳು, ತೊಡೆಯ ಮೇಲಿದ್ದ ಐಸಿನ ಡಬ್ಬಿಯನ್ನು ಮಾತ್ರ ಬಿಟ್ಟಿರಲಿಲ್ಲ. ಝಮ್ಕುವಿನ ಗುಡಿಸಲ ನೆರಳಿನಲ್ಲಿ ಆರು ಮಕ್ಕಳಿದ್ದರು. ಝಮ್ಕು ದೂರಕ್ಕೆ ನೋಡಿದಳು, ಯಾರೂ ಬರುತ್ತಿರಲಿಲ್ಲ. ಜಗಳವಾದರೆ ಆಗಲಿ, ಇವಳನ್ನು ಹಾಗೇ ವಾಪಸು ಕಳಿಸುವುದಿಲ್ಲ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಹತ್ತು ಆಗ್ಲಿಲ್ಲ ಬೆನ್."

"ಕಾಣತ್ತೆ." ಹಂಸಾಬೆನ್ ಸೀಸೆ ತೆಗೆದು ಮುಚ್ಚಳ ಚಿಮ್ಮಿಸಿದಳು. "ಬೈಸ್ಕೊಳ್ಳೋಳು ನಾನು ತಾನೆ? ಮೊದ್ಲು ಯಾರು?"

ಝಮ್ಕುವಿಗೆ ಕಣ್ಣು ತುಂಬಿತು. ಖೋಡೋನ ಭುಜ ಹಿಡಿದುಕೊಟ್ಟಳು. ಅವನು ರಣವೇ ಎದ್ದು ಬರುವಂತೆ ಕಿರುಚಿದ.

ವಾರದ ಬಳಿಕ ಇಬ್ಬರಿಗೆ ಮೈ ಬಿಸಿಯಾಯಿತು. ಹೀಗಾಗಬಹುದೆಂದು ನರ್ಸು ಮೊದಲೇ ಹೇಳಿ ಕೊಟ್ಟಿದ್ದ ಜ್ವರದ ಔಷಧಿ ಕುಡಿಸುತ್ತ, ಒದ್ದೆ ಬಟ್ಟೆ ಹಾಕುತ್ತ ಝಮ್ಕು ಅವರನ್ನು ತನ್ನಲ್ಲೇ ಇಟ್ಟುಕೊಂಡಳು. ಅವಳ ಗೋರೆಯನ್ನು ಸವಶಿ ಗೊಣಗುತ್ತಲೇ ಎಳೆದ; ಸೊಸೆ ರತನ್ ಆ ಮಕ್ಕಳ ತಾಯಂದಿರ ಪಾತಿಗೆ ಹೋದಳು. ಮೂರನೆಯ ದಿನಕ್ಕೆ ಮಕ್ಕಳು ಸಜ್ಜೆ ರೊಟ್ಟಿಗೆ ಕಿತ್ತಾಡುವಷ್ಟು ಚೇತರಿಸಿಕೊಂಡವು.

ಆ ಹೊತ್ತಿಗೆ ರಾಮಿ ಮಗುವನ್ನು ಕಂಕುಳಲ್ಲಿ ಹೊತ್ತು ಬಂದಳು. ಒಳಗೆ ಬಾರದೆ ಹೊರಗೇ ನಿಂತು ಆ ಮಕ್ಕಳನ್ನು ನೋಡಿದಳು.

"ಸೂಜಿ ಔಷಧಿ ಏನಾದ್ರೂ ಉಳಿದಿದ್ಯಾ?"

"ಉಳಿದಿದ್ದನ್ನ ನರ್ಸು ಅವತ್ತೇ ಚೆಲ್ಲಿದ್ಲು. ಹೋಳಿ ಹೊತ್ತಿಗೆ ಮತ್ತೆ ಬರ್ತೀನಿ ಅಂದಿದ್ದಾಳೆ."

ರಾಮಿ ಕಾಲ್ಬೆರಳಿನಿಂದ ಉಪ್ಪು ಕೆದಕುತ್ತಿದ್ದಳು. "ಅವತ್ತು ನಾನು ಅಂದಿದ್ದು..."

"ಮಗೂನ ಬಿಸಿಲಲ್ಲಿ ಇಟ್ಕೊಂಡು ಏನು ಮಾತು?" ಎಂದು ಝಮ್ಕು ಚಹಾಕ್ಕೆ ನೀರಿಟ್ಟಳು. "ಒಳಗೆ ಬಾ."