ಎದೆಯೆತ್ತರ

ಅವರ ಅಂಗಿಯ ಜೇಬು ಎಂದೂ ಅಲುಗುತ್ತಿರಲಿಲ್ಲ. ನನ್ನಂಥವರ ಜೇಬು ನಡೆದರೆ ಕುಣಿಯುತ್ತದೆ, ಬಗ್ಗಿದರೆ ಪೆನ್ನು, ಕನ್ನಡಕ, ಬಸ್ಸಿನ ಟಿಕೆಟ್ಟು ಎಲ್ಲವನ್ನೂ ನೆಲಕ್ಕೆ ಕಕ್ಕುತ್ತದೆ. ಅವರದು ಹಾಗಲ್ಲ. ಅರ್ಧ ತೋಳಿನ ಬಿಳಿ ಅಂಗಿ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಎಡಗಡೆ ಒಂದೇ ಜೇಬು. ಅದರಿಂದ ಇಣುಕುವ ಹಿತ್ತಾಳೆಯ ವಿಷಲ್ಲು. ಅದರ ಹಿಂದಿನ ಎದೆ ಬಾಗಿಲ ಹಲಗೆಯಷ್ಟು ನೆಟ್ಟಗೆ. ಓಣಿಯ ತಿರುವಿನಲ್ಲಿ ಮೊದಲು ಎದೆ ಬರುತ್ತಿತ್ತು, ಆಮೇಲೆ ಅವರು.

ಪುರಸೈವಾಕ್ಕಂನ ಹುಡುಗರ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ನಾನು ವರ್ಗವಾಗಿ ಬಂದ ಹೊತ್ತಿಗೆ ಮದರಾಸಿಗೆ ಚೆನ್ನೈ ಎಂಬ ಹೆಸರು ಬಂದು ಹೆಚ್ಚು ದಿನವಾಗಿರಲಿಲ್ಲ, ಅವರಿಗೆ ನಿವೃತ್ತಿಯಾಗಿಯೂ ಹೆಚ್ಚು ದಿನವಾಗಿರಲಿಲ್ಲ. ಎರಡನ್ನೂ ಅವರು ಇನ್ನೂ ಒಪ್ಪಿರಲಿಲ್ಲ. ಬಾಡಿಗೆ ಮನೆ ಹುಡುಕುತ್ತ ಹೋಗಿ ಬಾಗಿಲು ತಟ್ಟಿದಾಗ, ಗೋಪೀಚಂದನದ ಮುದ್ರೆ ಒಣಗುತ್ತಿದ್ದ ತೋಳನ್ನು ಹಾಗೇ ಹಿಡಿದುಕೊಂಡು, ನಾನು ಕನ್ನಡದವನೆಂದು ತಿಳಿದದ್ದೇ ಮುಖವರಳಿಸಿ, "ಮಾಡಿ ನೋಡಿಬಿಡಿ ಸಾರ್" ಅಂದರು.

"ಏನು ಮಾಡಿ ನೋಡಲಿ?" ಅಂದೆ.

"ಮಾಡಿ ಸಾರ್, ಮಾಡಿ. ಮೊದಲು ನೋಡಿ, ಆಮೇಲೆ ಮಾತು."

ತಮಿಳಿನಲ್ಲಿ ಮಾಡಿ ಅಂದರೆ ಮಹಡಿ ಎಂದು ಒಳಗಿನಿಂದ ಅವರ ಹೆಂಡತಿ ಬಂದು ಬಿಡಿಸಿ ಹೇಳುವ ತನಕ ನಾವಿಬ್ಬರೂ ಹೊಸ್ತಿಲ ಆಚೆ ಈಚೆ ನಿಂತು ಒಬ್ಬರಿಗೊಬ್ಬರು ಅಪ್ಪಣೆ ಕೊಡುತ್ತಲೇ ಇದ್ದೆವು. ಯಾವ ಕಾಲದಲ್ಲೋ ಬಂದು ನೆಲೆಸಿದ ಮನೆತನ ಅವರದು. ಕನ್ನಡ ಬಿಟ್ಟಿರಲಿಲ್ಲ, ಆದರೆ ಆ ಕನ್ನಡದಲ್ಲಿ ಅರ್ಧ ಪುರಸೈವಾಕ್ಕಂ ಇತ್ತು. ಮಹಡಿಯನ್ನು ನಾನು ಹಿಡಿದೆ. ಅವರ ಹೆಂಡತಿಯನ್ನು ಓಣಿಯವರೆಲ್ಲ ಕರೆಯುವಂತೆ ನಾನೂ ಮಾಮಿ ಅಂದೆ. ಅವರನ್ನು ಮಾತ್ರ ನಮ್ಮ ಮೈಸೂರು ಕಡೆಯ ರೂಢಿಯಂತೆ ಮೇಷ್ಟ್ರೇ ಅಂದುಬಿಟ್ಟೆ. ಅವರಿಗೆ ಅದು ಬಹಳ ಹಿಡಿಸಿತು.

ಒಂದು ಶನಿವಾರ ಸಂಜೆ ಮೆಟ್ಟಿಲು ಹತ್ತಿ ಬಂದು, "ನಾಳೆ ಬೆಳಿಗ್ಗೆ ಮಾಧವರಂ. ಕ್ಯಾನ್ವಾಸ್ ಶೂ ಇದೆಯಾ?" ಅಂದರು. ಪಕ್ಕದ ಬೀದಿಯ ಬಾಟನಿ ಮೇಡಂ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಭಾನುವಾರದ ಒಂದು ತಂಡ ಕಟ್ಟುತ್ತಿದ್ದರು. ಹಾಲಿನ ಡೈರಿಯನ್ನೂ ದಾಟಿದರೆ ಒಂದು ಹಳೆಯ ಕೆರೆ. ಅದರ ದಡಕ್ಕೆ ಯಾರೂ ನೆಡದ, ಯಾರೂ ಕಡಿಯದ ಕುರುಚಲು ಕಾಡು. ಊರು ಆ ಕಡೆಗೇ ಬೆಳೆಯುತ್ತಿತ್ತು. ಅಲ್ಲಿ ಯಾವ ನಾಟಿ ಮರ ಎಲ್ಲಿ ನಿಂತಿದೆ, ಎಷ್ಟು ದಪ್ಪವಿದೆ ಎಂದು ಒಂದು ನಕ್ಷೆಯಾದರೂ ಇರಲಿ ಎಂಬುದು ಮೇಡಂ ಆಸೆ.

"ಹಾವು ಇರುತ್ತಲ್ಲ ಮೇಷ್ಟ್ರೇ?"

"ಭಾನುವಾರ ಅದಕ್ಕೂ ಲೀವು."

ನಾನು ಹೆದರಿಕೆಯ ಮನುಷ್ಯ. ಗ್ಯಾಸ್ ಆರಿಸಿದ್ದೇನೆಯೇ ಎಂದು ಬಸ್‌ಸ್ಟಾಪಿನಿಂದ ಹಿಂದಿರುಗಿ ನೋಡುವವನು. ಮರುದಿನ ಟಿಂಚರು, ಹತ್ತಿ, ಟಾರ್ಚು, ಕೊಡೆ, ಒಂದು ಹಗ್ಗ, ಇಷ್ಟೂ ತುಂಬಿದ ಚೀಲದೊಂದಿಗೆ ಇಳಿದು ಬಂದೆ. ಮೇಷ್ಟ್ರು ಚೀಲವನ್ನು ಎತ್ತಿ ತೂಕ ನೋಡಿ, "ಬಯಂದಾಂಗೊಳ್ಳಿ" ಅಂದರು. ಪುಕ್ಕಲ ಎಂದು ಅರ್ಥ. ಬೈಗುಳವನ್ನು ಅಷ್ಟು ಅಕ್ಕರೆಯಿಂದ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಕಾಡಿನ ಅಂಚಿನಲ್ಲಿ ಮೇಡಂ ವಿವರಿಸಿದರು: ಮರದ ಸುತ್ತಳತೆಯನ್ನು ಎಲ್ಲಿ ಬೇಕಾದರೂ ತೆಗೆಯುವಂತಿಲ್ಲ. ಬುಡ ದಪ್ಪ, ಮೇಲೆ ಸಪೂರ. ಅದಕ್ಕೇ ನಿಂತ ಮನುಷ್ಯನ ಎದೆಯೆತ್ತರ ಎಂದು ಒಂದು ಲೆಕ್ಕವಿದೆ, ಎಲ್ಲ ಮರಕ್ಕೂ ಅಷ್ಟೇ ಎತ್ತರದಲ್ಲಿ ಟೇಪು ಸುತ್ತಬೇಕು. ಎತ್ತರ ಗುರುತು ಹಾಕಿದ ಕೋಲನ್ನು ತರಬೇಕಾಗಿತ್ತು, ಮರೆತು ಬಂದಿದ್ದೇನೆ ಎಂದರು. ಮೇಷ್ಟ್ರು ಹೋಗಿ ಒಂದು ಹೊಂಗೆಯ ಪಕ್ಕ ನೆಟ್ಟಗೆ ನಿಂತರು. ಮೇಡಂ ನೆಲದಿಂದ ಅವರ ಎದೆಯವರೆಗೆ ಟೇಪು ಹಿಡಿದು ನೋಡಿ ನಕ್ಕುಬಿಟ್ಟರು. ಜೇಬಿನ ಮೇಲಿನ ಹೊಲಿಗೆ ಸರಿಯಾಗಿ ಅದೇ ಎತ್ತರದಲ್ಲಿತ್ತು.

ಅಂದಿನಿಂದ ಕೋಲನ್ನು ಯಾರೂ ತರಲಿಲ್ಲ. ಮೇಷ್ಟ್ರು ಮರಕ್ಕೆ ಎದೆ ತಾಗಿಸಿ ನಿಲ್ಲುವರು; ನಾನು ಅವರ ಜೇಬಿನ ಹೊಲಿಗೆಗೆ ಟೇಪಿನ ತುದಿ ಹಿಡಿದು, ಆ ಕಡೆಯ ಮುಳ್ಳು, ಇರುವೆ, ಕಲ್ಪನೆಯ ಹಾವು ಎಲ್ಲವನ್ನೂ ದಾಟಿ ಒಂದು ಸುತ್ತು ಬರುವೆ; ಮೇಡಂ ಬರೆದುಕೊಳ್ಳುವರು. ಬೇವು, ನೇರಳೆ, ಬಾಗೆ, ಕಕ್ಕೆ. ಜಾಲಿಯನ್ನು ಮಾತ್ರ ಬಿಡುತ್ತಿದ್ದೆವು. ಎಲ್ಲಿಂದಲೋ ಬಂದು ಎಲ್ಲ ಕಡೆ ಹಬ್ಬಿದ ಅದನ್ನು ನಮ್ಮಲ್ಲಿ ಬಳ್ಳಾರಿಯ ಮೇಲೆ ಹಾಕಿ ಬಳ್ಳಾರಿ ಜಾಲಿ ಅನ್ನುತ್ತೇವೆ. ಇಲ್ಲಿಯವರು ಸೀಮೆಯ ಮೇಲೆ, ಅಂದರೆ ಪರದೇಶದ ಮೇಲೆ, ಹಾಕಿದ್ದಾರೆ.

"ನಾನು ನಾಟಿನಾ ಸೀಮೆನಾ ಮೇಡಂ?" ಎಂದು ಮೇಷ್ಟ್ರು ಒಮ್ಮೆ ಕೇಳಿದರು. "ತಾತನ ತಾತ ಬಂದದ್ದು. ನಕ್ಷೇಲಿ ಹಾಕ್ತೀರಾ, ಬಿಡ್ತೀರಾ?"

"ನೀಂಗ ನಾಟ್ಟು ಮರಂ ದಾನ್ ಸಾರ್" ಅಂದರು ಮೇಡಂ. ನೀವು ನಾಟಿ ಮರವೇ. ಮೇಷ್ಟ್ರು ಅದನ್ನು ಮನೆಗೆ ಬಂದು ಮಾಮಿಗೆ ಹೇಳಿದರು, ನನಗೂ ಇನ್ನೊಮ್ಮೆ ಹೇಳಿದರು, ನಾನು ಅಲ್ಲೇ ಇದ್ದೆ ಎಂಬುದು ಗೊತ್ತಿದ್ದೂ.

ಮರಗಳನ್ನು ಅವರು ಹುಡುಗರೆಂದೇ ತಿಳಿದಿದ್ದರು. ಟೇಪು ಸುತ್ತುವ ಮೊದಲು ಕಾಂಡಕ್ಕೊಂದು ಏಟು ಕೊಟ್ಟು "ಮೂಚ್ಚು ವಿಡು" ಅನ್ನುವರು, ಉಸಿರು ಬಿಡು ಎಂದು. ಶಾಲೆಯಲ್ಲಿ ವರ್ಷಕ್ಕೊಮ್ಮೆ ಹುಡುಗರ ಎದೆ ಅಳೆಯುವುದು ಅವರ ಕೆಲಸವಾಗಿತ್ತಂತೆ. ಹುಡುಗರು ಉಸಿರು ಬಿಗಿಹಿಡಿದು ಎದೆ ಉಬ್ಬಿಸಿ ನಿಲ್ಲುತ್ತಿದ್ದರಂತೆ. ಇವರು ಟೇಪು ಹಿಡಿದುಕೊಂಡೇ, ನಿಮ್ಮ ಮನೇಲಿ ಇವತ್ತು ಏನು ಅಡಿಗೆ, ತಂಗಿ ಯಾವ ಕ್ಲಾಸು ಎಂದು ಮಾತಿಗೆಳೆಯುವರು. ಉತ್ತರ ಹೇಳಲು ಹುಡುಗ ಬಾಯಿ ತೆರೆಯಲೇಬೇಕು. ಎದೆ ಇಳಿದ ಮೇಲೆ ಅಳತೆ.

"ಸುಳ್ಳು ಎದೆ ಬರೆಯೋದಿಲ್ಲ ಸಾರ್ ನಾನು. ಹೆಡ್‌ಮಾಸ್ಟರ್ ಮಗ ಆದ್ರೂ ಸರಿ."

ನಕ್ಷೆ ಮುಗಿಯಿತು. ಕೆಲವು ವರ್ಷ ಕಳೆದ ಮೇಲೆ ಮೇಡಂ ಎರಡನೆಯ ಸುತ್ತು ಹೊರಡಿಸಿದರು, ಮರಗಳು ಬೆಳೆದಿವೆಯೇ ಸೊರಗಿವೆಯೇ ನೋಡೋಣವೆಂದು. ಮತ್ತೆ ಅದೇ ಬಸ್ಸು, ಅದೇ ಚೀಲ, ಅದೇ ಜೇಬು. ಮೊದಲ ದಿನವೇ ನಮಗೆಲ್ಲ ಹಬ್ಬ. ಹೊಂಗೆ ದಪ್ಪವಾಗಿತ್ತು. ಬೇವು ದಪ್ಪವಾಗಿತ್ತು. ಮುಟ್ಟಿದ ಮರವೆಲ್ಲ ಮೇಡಂ ಎಣಿಸಿದ್ದಕ್ಕಿಂತ ಹೆಚ್ಚು ಮೈತುಂಬಿಕೊಂಡಿತ್ತು. ಮೇಷ್ಟ್ರು ಒಂದೊಂದು ಅಳತೆಯನ್ನೂ ಎರಡೆರಡು ಸಲ ಹೇಳಿಸಿಕೊಂಡು, "ಕ್ಲಾಸ್ ಪೂರಾ ಪಾಸು" ಎಂದು ವಿಷಲ್ಲು ಊದಿದರು.

ಊದಿದ ಮೇಲೆ ಸ್ವಲ್ಪ ಹೊತ್ತು ಬೇರಿನ ಮೇಲೆ ಕೂತರು. ಅವರು ಕೂತದ್ದನ್ನು ನಾನು ಕಾಡಿನಲ್ಲಿ ಅದುವರೆಗೆ ನೋಡಿರಲಿಲ್ಲ. ಬೆನ್ನು ಹಿಡಿದುಕೊಂಡಿದೆ, ತಲೆದಿಂಬಿನ ತೊಂದರೆ ಅಂದರು.

"ಅಂಗಿ ಯಾಕೋ ದೊಡ್ಡದಾದಂತಿದೆಯಲ್ಲ ಮೇಷ್ಟ್ರೇ."

"ಹೊಸ ಟೈಲರ್ ಸಾರ್. ಹಳಬ ಕಣ್ಣು ಕಾಣಿಸದೆ ಅಂಗಡಿ ಮುಚ್ಚಿದ. ಇವನು ಊರಿಗೆಲ್ಲ ಒಂದೇ ಅಳತೆ ಹೊಲೀತಾನೆ."

ಜಗತ್ತಿನ ಆತಂಕವನ್ನೆಲ್ಲ ಗುತ್ತಿಗೆ ಹಿಡಿದಿದ್ದ ನಾನು ಆ ಮಾತನ್ನು ಹಾಗೇ ನಂಬಿದೆ. ಆ ವಾರ ನನ್ನ ತಲೆಯಲ್ಲಿದ್ದದ್ದು ಇರುವೆ ಕಚ್ಚಿದ ಮೊಣಕಾಲು.

ಮುಂದಿನ ಭಾನುವಾರ ಕೆರೆಯ ಏರಿಯ ತಾಳೆಮರದ ಸರದಿ. ಇಲ್ಲಿಯವರು ಅದನ್ನು ಪನೈ ಅನ್ನುತ್ತಾರೆ, ಮೇಷ್ಟ್ರ ಬಾಯಲ್ಲಿ ಪನೆ. ಅವರು ಎದೆ ತಾಗಿಸಿ ನಿಂತರು, ನಾನು ಸುತ್ತು ಬಂದು ಅಳತೆ ಕೂಗಿದೆ. ಮೇಡಂ ಹಳೆಯದನ್ನು ನೋಡಿ ಇನ್ನೊಮ್ಮೆ ಸುತ್ತಲು ಹೇಳಿದರು. ಸುತ್ತಿದೆ. ಅಷ್ಟೇ ಬಂತು.

"ಇದೂ ದಪ್ಪವಾಗಿದೆ ಮೇಡಂ" ಅಂದೆ, ನಾನೇ ಗೊಬ್ಬರ ಹಾಕಿದವನಂತೆ.

ಮೇಡಂ ನಗಲಿಲ್ಲ. "ಪನೈ ಪೆರುಕ್ಕಾದೇ", ತಾಳೆ ದಪ್ಪವಾಗುವುದಿಲ್ಲವಲ್ಲ, ಎಂದು ತಮ್ಮಷ್ಟಕ್ಕೆ ಅಂದುಕೊಂಡು, ಮೇಷ್ಟ್ರ ಜೇಬನ್ನೇ ನೋಡುತ್ತ ನಿಂತರು. ಆಮೇಲೆ ಬಿಸಿಲು ಜಾಸ್ತಿಯಾಯಿತು, ಇವತ್ತಿಗೆ ಸಾಕು ಎಂದರು.

ಬಸ್ಸಿನಲ್ಲಿ ಮೇಡಂ ನನ್ನ ಪಕ್ಕ ಬಂದು ಕೂತು ತಗ್ಗಿದ ದನಿಯಲ್ಲಿ ಹೇಳಿದರು. ಬೇರೆ ಮರಗಳ ಹಾಗಲ್ಲ ತಾಳೆ. ಅದು ಮೇಲಕ್ಕೆ ಹೋಗುತ್ತದೆ, ಅಷ್ಟೇ. ಒಮ್ಮೆ ಆದ ದಪ್ಪವೇ ಕೊನೆತನಕ. ಬೆಳೆದ ತಾಳೆ ದಪ್ಪವಾಗಿದೆ ಎಂದರೆ ನಾವು ಹೋದ ಸಲಕ್ಕಿಂತ ಕೆಳಗೆ ಟೇಪು ಸುತ್ತಿದ್ದೇವೆ ಎಂದರ್ಥ. "ಸಾರ್ ಕುಗ್ಗಿಬಿಟ್ಟಿದ್ದಾರೆ. ಡಾಕ್ಟರಿಗೆ ತೋರಿಸಿ."

ನಾನು ಮುಂದಿನ ಸೀಟು ನೋಡಿದೆ. ಬಸ್ಸಿನಲ್ಲೂ ಬೆನ್ನು ತಾಗಿಸದೆ ಕೂರುತ್ತಿದ್ದ ಮನುಷ್ಯ ಕಿಟಕಿಯ ಸರಳಿಗೆ ತಲೆಯಿಟ್ಟು ನಿದ್ದೆ ಹೋಗಿದ್ದರು.

ಕೀಲ್ಪಾಕಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬೆನ್ನುನೋವಿಗೆ ಎಣ್ಣೆ ಬರೆದುಕೊಡುತ್ತಾರೆ ಎಂದು ಅವರು ನಂಬಿದ್ದರು. ಎಕ್ಸ್‌ರೇ, ರಕ್ತ, ಮತ್ತೆ ರಕ್ತ. ಕಡೆಗೆ ವೈದ್ಯರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: ರೋಗ ಮೂಳೆಯ ಒಳಗಿದೆ, ಬೆನ್ನಿನ ಬಿಲ್ಲೆಗಳು ಒಂದೊಂದಾಗಿ ಕುಸಿದಿವೆ, ಎತ್ತರ ನಾಲ್ಕು ಬೆರಳಿನಷ್ಟು ಇಳಿದಿರಬೇಕು. ಔಷಧ ನೋವಿಗೆ ಇದೆ ಎಂದರು. ರೋಗಕ್ಕೆ ಇದೆಯೇ ಎಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

ಹಿಂದಿರುಗುವಾಗ ಆಟೋ ಬಟ್ಟೆ ಅಂಗಡಿಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಸುತ್ತ ಹಾರನ್ನಿನ ಗದ್ದಲ. ಮೇಷ್ಟ್ರು ತಮ್ಮ ನಾಲ್ಕು ಬೆರಳನ್ನು ಜೇಬಿನ ಹೊಲಿಗೆಯ ಮೇಲೆ ಇಟ್ಟು ನೋಡಿಕೊಂಡರು.

"ಅಂದ್ರೆ ಜೇಬೂ ಇಷ್ಟು ಇಳಿದಿದೆ."

ನಾನು ಹೊರಗೆ ನೋಡಿದೆ.

"ಅಂದ್ರೆ ಮರ ಬೆಳೀಲಿಲ್ಲ ಸಾರ್. ನಾನು ಕಮ್ಮಿಯಾದೆ, ಅದಕ್ಕೆ ಅವು ದಪ್ಪ ಬಂದವು."

"ಸ್ವಲ್ಪ ಬೆಳೆದೇ ಇರ್ತಾವೆ ಮೇಷ್ಟ್ರೇ."

"ಸ್ವಲ್ಪ ಅನ್ನೋದು ಅಳತೆ ಇಲ್ಲ." ಆಮೇಲೆ, ಆಟೋ ಹೊರಟ ಮೇಲೆ, "ಇಷ್ಟು ವಯಸ್ಸಾದ ಮೇಲೆ ಸುಳ್ಳು ಎದೆ ಬರೆಸಿಬಿಟ್ಟೆನಲ್ಲ" ಅಂದರು. ರೋಗದ ಬಗ್ಗೆ ಅವರು ಆಡಿದ ದುಃಖದ ಮಾತು ಅದೊಂದೇ, ಅದೂ ರೋಗದ ಬಗ್ಗೆ ಅಲ್ಲ.

ಬೇಗನೆ ಹಾಸಿಗೆ ಹಿಡಿದರು. ಹಿಡಿದದ್ದೇ ಹಟ ಶುರುವಾಯಿತು: ಎರಡನೇ ಸುತ್ತಿನ ಅಳತೆ ಎಲ್ಲ ಅಳಿಸಿ ಮತ್ತೆ ತೆಗೆಯಬೇಕು, ತಾವು ಇರುವಾಗಲೇ. ಶಾಲೆಯಿಂದ ನೆನಪಿಗೆ ತಂದಿಟ್ಟುಕೊಂಡಿದ್ದ ಡ್ರಿಲ್ ಕೋಲನ್ನು ಅಟ್ಟದಿಂದ ಇಳಿಸಿದೆ. ಬಾಗಿಲ ಚೌಕಟ್ಟಿಗೆ ಅದನ್ನು ನಿಲ್ಲಿಸಿ ಹಿಡಿದೆ. ಮಾಮಿ ನೆಲದಿಂದ ಟೇಪು ಎಳೆದರು. ಮೇಷ್ಟ್ರು ಮಂಚದಿಂದಲೇ "ಮೇಲೆ, ಇನ್ನೂ ಮೇಲೆ" ಎನ್ನುತ್ತಿದ್ದರು. ಮೇಡಂ ಹೇಳಿದ್ದ ಎದೆಯೆತ್ತರದ ಅಳತೆ ಸೇರಿದ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದೆ. ಮಲಗಿದವರು ಆ ಗುರುತನ್ನು ತಲೆಯೆತ್ತಿ ನೋಡಿದರು.

"ಅಷ್ಟು ಮೇಲಿದ್ನಾ ನಾನು?"

ಮಾಮಿ ಒಳಗೆ ಹೋದರು. ಬಂದಾಗ ಕೈಯಲ್ಲಿ ಹಳೆಯ ಟೈಲರ್ ಹೊಲಿದಿದ್ದ ಬಿಳಿ ಅಂಗಿಯ ಜೇಬಿತ್ತು, ನೀಟಾಗಿ ಬಿಚ್ಚಿದ್ದು. ಅದನ್ನು ಕೋಲಿಗೆ ಸುತ್ತಿ, ಮೇಲಿನ ಹೊಲಿಗೆ ಗುರುತಿಗೆ ಬರುವಂತೆ ಸೂಜಿ ದಾರದಿಂದ ಬಿಗಿದರು.

"ಇದು ಬೆನ್ನು ನೋವು ಅನ್ನೋದಿಲ್ಲ" ಅಂದರು ಮಾಮಿ. "ಕೂತ್ಕೊಳ್ಳೋದೂ ಇಲ್ಲ. ನಿಮಗಿಂತ ವಾಸಿ." ಮೇಷ್ಟ್ರು ನಗಲು ಹೋಗಿ ನೋವಿಗೆ ನಿಲ್ಲಿಸಿದರು.

ಆ ಕೋಲು ಹಿಡಿದು ನಾವು ಮತ್ತೆ ಮೊದಲಿನಿಂದ ಅಳೆದೆವು. ಪ್ರತಿ ಭಾನುವಾರ ಮಧ್ಯಾಹ್ನ ಶೂ ಬಿಚ್ಚುವ ಮೊದಲು ಅವರ ಮಂಚದ ಪಕ್ಕ ನಿಂತು ವರದಿ ಒಪ್ಪಿಸುವೆ. ಹೊಂಗೆ ಬೆಳೆದಿತ್ತು, ಆದರೆ ಅಂದುಕೊಂಡಷ್ಟಲ್ಲ. ಬೇವು ಒಂದಿಷ್ಟು. ನೇರಳೆ ಇದ್ದಲ್ಲೇ ಇತ್ತು, ನೀರಿಲ್ಲ. ಅವರು ಕಣ್ಣು ಮುಚ್ಚಿಕೊಂಡೇ ಕೇಳುವರು. ಕಡಿಮೆ ಎಂದಾಗ ಮುಖದಲ್ಲಿ ಒಂದು ಬಗೆಯ ನೆಮ್ಮದಿ, ಸುಳ್ಳು ಅಳಿಸಿತಲ್ಲ ಎಂಬಂತೆ. ಆದರೂ ಅವರ ಖುಷಿಗಾಗಿ ಅಳತೆಯನ್ನು ಒಂದಿಷ್ಟು ಉಬ್ಬಿಸಿ ಹೇಳೋಣ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಆಗೆಲ್ಲ ಅವರು ಕಣ್ಣು ತೆರೆದು, "ಇವತ್ತು ಮನೇಲಿ ಏನು ಅಡಿಗೆ ಸಾರ್?" ಎಂದು ಕೇಳಿಬಿಡುವರು. ಉಸಿರು ಬಿಡದೆ ಬೇರೆ ದಾರಿ ಇರಲಿಲ್ಲ.

ಏರಿಯ ಮರ ಕೊನೆಗೆ ಬಂತು. ಆ ಮಧ್ಯಾಹ್ನ ಅವರಿಗೆ ಮಾತು ಕಷ್ಟವಾಗಿತ್ತು.

"ಪನೆ?"

"ಹಳೇ ಅಳತೆನೇ ಮೇಷ್ಟ್ರೇ. ಕೂದಲಷ್ಟೂ ವ್ಯತ್ಯಾಸ ಇಲ್ಲ."

ಅವರ ಕೈ ಬನಿಯನ್ನಿನ ಮೇಲೆ, ಜೇಬು ಇರಬೇಕಾದ ಜಾಗಕ್ಕೆ ಹೋಯಿತು. "ಹಾಗಾದ್ರೆ ಮಿಕ್ಕಿದ್ದೂ ಸರಿ" ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಸ್ಟ್ಯಾಂಡ್ ಅಟ್ ಈಸ್." ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ಅವರಿಂದ ನಾನು ಕೇಳಿದ ಕೊನೆಯ ಮಾತು ಅದು. ಆ ವಾರ ಕಳೆಯುವ ಮೊದಲೇ ಹೋದರು. ಒಯ್ಯುವಾಗ ಅವರು ಎಷ್ಟು ಹಗುರವಾಗಿದ್ದರೆಂದರೆ ಹೆಗಲು ಕೊಟ್ಟ ಹಳೆಯ ಶಿಷ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೆರೆಯ ದಡದ ಅರ್ಧ ಕಾಡು ಈಗ ಇಲ್ಲ, ಮನೆಗಳಾಗಿವೆ. ನಮ್ಮ ನಕ್ಷೆ ಅದನ್ನು ತಡೆಯಲಿಲ್ಲ. ಹೋದದ್ದು ಏನೇನು ಎಂದು ಹೇಳಲು ಮಾತ್ರ ಬರುತ್ತದೆ. ಏರಿಯ ತಾಳೆ ನಿಂತಿದೆ. ಮಾಮಿ ತಂಗಿಯ ಮನೆಗೆ ಹೊರಟಾಗ ಕೋಲನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ಮೇಷ್ಟ್ರನ್ನ ಮಳೇಲಿ ನೆನೆಸಬೇಡಿ" ಅಂದರು. ನಮ್ಮ ಬಾಗಿಲ ಹಿಂದೆ ಇಟ್ಟಿದ್ದೇನೆ. ಜೇಬು ಹಳದಿಗಟ್ಟಿದೆ. ಕಚೇರಿಗೆ ಹೊರಡುವಾಗ, ಗ್ಯಾಸ್ ನೋಡಿ, ಕಿಟಕಿ ನೋಡಿ, ಕಡೆಗೆ ಅದರ ಪಕ್ಕ ಒಮ್ಮೆ ನಿಲ್ಲುತ್ತೇನೆ.

ಮೊನ್ನೆ ನಿಂತಾಗ ನನ್ನ ಜೇಬು ಎಂದಿಗಿಂತ ಒಂದು ನೂಲು ಕೆಳಗಿದ್ದಂತೆ ಕಂಡಿತು. ಹೊಸ ಅಂಗಿ, ಟೈಲರನದೇ ತಪ್ಪಿರಬೇಕು. ಎದೆ ಉಬ್ಬಿಸಿ ನೋಡಿದೆ, ಸರಿಹೋಯಿತು. ನಾಚಿಕೆಯಾಯಿತು. ಉಸಿರು ಬಿಟ್ಟು ಇನ್ನೊಮ್ಮೆ ನಿಂತೆ.