ಕುಂಬಳಕಾಯಿಯ ಹೊಟ್ಟೆಯೊಳಗೆ ಅಮೇರಿಕದ ಹಬ್ಬ

ಸಾವಿರದ ಒಂಬೈನೂರ ಅರವತ್ತನಾಲ್ಕನೇ ಇಸವಿಯ ನವೆಂಬರ್ ತಿಂಗಳು. ನಾವು ಆಗ ಬಂಟ್ವಾಳ ಪೇಟೆಯಿಂದ ಸ್ವಲ್ಪ ಒಳಗೆ, ನದಿಯ ಬದಿಯ ಮನೆಯಲ್ಲಿದ್ದೆವು. ನಮ್ಮವರಿಗೆ ಬ್ಲಾಕ್ ಆಫೀಸಿನಲ್ಲಿ ಕೆಲಸ. ಮನೆಯಲ್ಲಿ ನಾವಿಬ್ಬರು, ಅತ್ತೆ, ಮತ್ತು ಹೊರಗಿನ ಚಾವಡಿಯ ಪಕ್ಕದ ಕೋಣೆಯಲ್ಲಿ ಡೇವಿಡ್.

ಡೇವಿಡ್ ಅಮೇರಿಕದ ಹುಡುಗ. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ನಮ್ಮ ಊರಿನವರಿಗೆ ಕೋಳಿ ಸಾಕುವುದನ್ನು ಕಲಿಸಲು ಬಂದಿದ್ದ. “ಕೋಳಿಗೆ ಸಾಕಿಸಿಕೊಳ್ಳಲಿಕ್ಕೆ ಗೊತ್ತುಂಟು, ಇವನು ಎಂತ ಕಲಿಸುವುದು” ಎಂದು ಅತ್ತೆ ಮೊದಲ ದಿನವೇ ಹೇಳಿದ್ದರು. ಆದರೆ ಹುಡುಗ ಬೆಳಿಗ್ಗೆ ಎದ್ದು ತನ್ನ ಲೋಟ ತಾನೇ ತೊಳೆದು ಕವುಚಿ ಇಡುವುದನ್ನು ಕಂಡ ಮೇಲೆ ಅವರ ಮನಸ್ಸು ಮೆತ್ತಗಾಯಿತು. ಅವನ ಹೆಸರು ಅವರ ಬಾಯಲ್ಲಿ ದೇವು ಎಂದಾಯಿತು. ಅವನು ಕನ್ನಡ ಕಲಿತದ್ದು ಪುಸ್ತಕದಿಂದ, ಅತ್ತೆ ಕಲಿತದ್ದು ಯಕ್ಷಗಾನ ನೋಡಿ. ಹಾಗಾಗಿ ಇಬ್ಬರೂ ಮಾತಿಗೆ ಕುಳಿತರೆ ರಾಜಸಭೆಯ ಹಾಗೆ ಶುರುವಾಗಿ, ಅತ್ತೆ ಅರ್ಧದಲ್ಲಿ ತುಳುವಿಗೆ ಇಳಿದು, ಕೊನೆಗೆ ಕೈಸನ್ನೆಯಲ್ಲಿ ಮುಗಿಯುತ್ತಿತ್ತು. ತುಳುವಿನಲ್ಲಿ ಆಡಿದ್ದನ್ನೂ ನಾನಿಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

ದೀಪಾವಳಿ ಕಳೆದ ಮೇಲೆ ಡೇವಿಡ್ ಸ್ವಲ್ಪ ಮಂಕಾದ. ಜ್ವರವಿಲ್ಲ, ಹೊಟ್ಟೆನೋವಿಲ್ಲ, ಆದರೂ ಊಟ ಅರ್ಧಕ್ಕೆ ಬಿಡುತ್ತಿದ್ದ. ವಿಚಾರಿಸಿದಾಗ ತಿಳಿಯಿತು, ನವೆಂಬರಿನ ಕೊನೆಯ ವಾರ ಅವರಲ್ಲಿ ಒಂದು ದೊಡ್ಡ ಹಬ್ಬವಂತೆ. ಬೆಳೆ ಮನೆಗೆ ಬಂದದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳುವುದು, ಎಲ್ಲರೂ ಒಟ್ಟಿಗೆ ಕುಳಿತು ಊಟ ಮಾಡುವುದು. ಟರ್ಕಿ ಎಂಬ ದೊಡ್ಡ ಕೋಳಿಯ ಹೊಟ್ಟೆಯೊಳಗೆ ಬ್ರೆಡ್ಡಿನ ಚೂರು, ನೀರುಳ್ಳಿ, ಬೀಜಗಳು, ಒಂದು ಪರಿಮಳದ ಸೊಪ್ಪು ಎಲ್ಲ ತುಂಬಿಸಿ ಇಡಿಯಾಗಿ ಬೇಯಿಸುತ್ತಾರಂತೆ. ಆ ತುಂಬಿಸಿದ್ದನ್ನು ಅವನ ಅಮ್ಮ ಮಾಡಿದ ಹಾಗೆ ಊರಲ್ಲೇ ಯಾರೂ ಮಾಡುವುದಿಲ್ಲವಂತೆ. ಇಷ್ಟು ಹೇಳುವಾಗ ಅವನ ಸ್ವರ ಸಣ್ಣದಾಯಿತು.

ನನಗೆ ಪಾಪ ಅನ್ನಿಸಿತು. “ಅಷ್ಟೇ ಅಲ್ಲವಾ, ನಾನು ಮಾಡಿಕೊಡ್ತೇನೆ” ಎಂದುಬಿಟ್ಟೆ. ಟರ್ಕಿ ಇಲ್ಲದಿದ್ದರೆ ಊರಿನ ಹುಂಜ, ಹೊಟ್ಟೆ ಎರಡಕ್ಕೂ ಉಂಟಲ್ಲ ಎಂಬುದು ನನ್ನ ಲೆಕ್ಕ.

ಅವನು ಅದನ್ನು ಅಲ್ಲಿಗೇ ಬಿಡಲಿಲ್ಲ. ಅವನ ಹಾಗೆಯೇ ಬಂದಿದ್ದ ಇಬ್ಬರು ಗೆಳೆಯರಿದ್ದರು. ಬೆಳ್ತಂಗಡಿಯಲ್ಲಿ ಒಬ್ಬ ಸಣಕಲ, ಟಾಮ್ ಎಂದು. ಮೂಡಬಿದ್ರೆಯಲ್ಲಿ ಒಬ್ಬ ಧಡೂತಿ, ಫ್ರಾಂಕ್ ಎಂದು. ಇಬ್ಬರನ್ನೂ ಊಟಕ್ಕೆ ಕರೆದುಬಿಟ್ಟ. ಫ್ರಾಂಕ್ ನಕ್ಕನಂತೆ. ಬಂಟ್ವಾಳದಲ್ಲಿ ನಮ್ಮ ಹಬ್ಬದ ಊಟ ಮಾಡುವವರು ಯಾರಿದ್ದಾರೆ, ನಾನು ಡಬ್ಬಿಯ ಮೀನು ಹಿಡಿದುಕೊಂಡು ಬರುತ್ತೇನೆ ಎಂದನಂತೆ. ಅದಕ್ಕೆ ಡೇವಿಡ್, “ನಮ್ಮ ಅಕ್ಕ ವಚನ ಕೊಟ್ಟಿದ್ದಾರೆ” ಎಂದು ಹೇಳಿ ಬಂದಿದ್ದ. ನನ್ನೆದುರು ನಿಂತು ಅದನ್ನು ವರದಿ ಮಾಡುವಾಗ ಅವನ ಮುಖ ನೋಡಬೇಕಿತ್ತು. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಅವನೇ ಪೊಳಲಿಯ ಕಡೆಗೆ ಹೋಗಿ ಒಂದು ಕೆಂಪು ಹುಂಜ ತಂದ. ಬಸ್ಸಿನಲ್ಲಿ ಮಡಿಲಲ್ಲಿ ಕೂರಿಸಿಕೊಂಡು ಬಂದಿದ್ದ, ಮಗುವಿನ ಹಾಗೆ. ಅದನ್ನು ಅಂಗಳದ ಬದಿಯ ಪೇರಳೆ ಗಿಡಕ್ಕೆ ಕಟ್ಟಿ ದಿನಾ ತಾನೇ ಅಕ್ಕಿ ಹಾಕುತ್ತಿದ್ದ. ಬ್ರೆಡ್ಡಿಗೆ ನೆರೆಮನೆಯ ಲೂಸಿ ಬಾಯಿ ಮಂಗಳೂರಿನ ಬಸ್ಸಿನವರಿಗೆ ಹೇಳಿಟ್ಟರು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು.

ಬುಧವಾರ ಸಂಜೆ ಕಾಲು ತೊಳೆದು ಬಂದು ಕುಳಿತ ನಮ್ಮವರು, ಶುಕ್ರವಾರ ಬೆಳಿಗ್ಗೆ ಭಟ್ಟರು ನಾಗನ ತಂಬಿಲಕ್ಕೆ ಬರುತ್ತಾರೆ, ಎಳನೀರು ಹಾಲು ಎಲ್ಲ ಹೇಳಿಟ್ಟಿದ್ದೇನೆ ಎಂದರು. ಗುರುವಾರ ಅತಿಥಿಗಳು, ಶುಕ್ರವಾರ ಪೂಜೆ, ಒಂದಕ್ಕೊಂದು ಅಡ್ಡ ಬಾರದ ಹಾಗೆ ಏರ್ಪಾಡು ಮಾಡಿದ್ದೇನೆ ಎಂದು ಅವರಿಗೆ ಬಹಳ ಸಮಾಧಾನ.

ಅತ್ತೆ ಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸಿದರು.

“ಶುಕ್ರವಾರ ನಾಗನಿಗೆ ಹಾಲೆರೆಯುವುದು. ಗುರುವಾರ ಈ ಮನೆಯ ಒಲೆಯಲ್ಲಿ ಕೋಳಿ ಬೇಯುವುದಾ?”

ನಮ್ಮವರು ನನ್ನ ಮುಖ ನೋಡಿದರು. ನಾನು ಹುಂಜದ ಮುಖ ನೋಡಿದೆ. ನಾಗನ ಪೂಜೆಯ ಹಿಂದಿನ ದಿನ ಮನೆಯಲ್ಲಿ ಮೀನು ಮಾಂಸದ ಸುದ್ದಿ ಇಲ್ಲ ಎಂಬುದು ನಮ್ಮಲ್ಲಿ ತೊಟ್ಟಿಲಿನ ಮಗುವಿಗೂ ಗೊತ್ತು. ಆಫೀಸಿನಲ್ಲಿ ಇಡೀ ಬ್ಲಾಕಿನ ಕಾರ್ಯಕ್ರಮ ಹೊಂದಿಸುವ ಮನುಷ್ಯನಿಗೆ ಅದು ತಲೆಗೇ ಬಂದಿರಲಿಲ್ಲ. ಪೂಜೆ ಮುಂದೆ ಹಾಕುವ ಎಂದರೆ ಭಟ್ಟರಿಗೆ ಆ ತಿಂಗಳಲ್ಲಿ ಬೇರೆ ದಿನವಿಲ್ಲ. ಹಬ್ಬ ಮುಂದೆ ಹಾಕುವ ಎಂದರೆ ಅದು ಅಮೇರಿಕ ದೇಶ ಇಡೀ ಗುರುವಾರವೇ ಮಾಡುವಂಥದ್ದು.

ಲೂಸಿ ಬಾಯಿಯ ಮನೆಯಲ್ಲಿ ಬೇಯಿಸಿ ಅಲ್ಲಿಯೇ ಬಡಿಸಿದರೆ ಹೇಗೆ ಎಂದು ನಮ್ಮವರು ಮೆಲ್ಲಗೆ ಕೇಳಿದರು. ಅದಕ್ಕೆ ಅತ್ತೆಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ನಮ್ಮ ಮನೆಗೆ ಎಂದು ಕರೆದವರನ್ನು ನೆರೆಮನೆಯ ಎಲೆಗೆ ಕಳಿಸುವ ಗತಿ ಈ ಮನೆಗೆ ಇನ್ನೂ ಬಂದಿಲ್ಲ ಎಂದರು.

ಡೇವಿಡ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. “ಅಮ್ಮನವರೇ, ತಾವು ಚಿಂತಿಸಬಾರದು. ನನ್ನ ಗೆಳೆಯರು ಅನ್ನ ಮತ್ತು ಸಾರನ್ನು ಸೇವಿಸುವರು” ಎಂದ. ಹೇಳುವುದೇನೋ ಹೇಳಿದ. ಆದರೆ ಕಿವಿಯ ತುದಿಯವರೆಗೆ ಕೆಂಪಾಗಿದ್ದ. ಫ್ರಾಂಕನ ಡಬ್ಬಿಯ ಮೀನು ಅವನ ಕಣ್ಣ ಮುಂದೆ ಬಂದಿರಬೇಕು. ನನಗಂತೂ ಬಂತು.

ಅತ್ತೆ ಸ್ವಲ್ಪ ಹೊತ್ತು ಅವನನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಹೊಟ್ಟೆಗೆ ತುಂಬಿಸುವುದಲ್ಲವಾ ಮುಖ್ಯ? ಹೊಟ್ಟೆ ಯಾರದ್ದಾದರೆ ಎಂತ? ಅಟ್ಟದಲ್ಲಿ ಸಿಹಿಕುಂಬಳ ಉಂಟಲ್ಲ” ಎಂದರು.

ಹೀಗೆ ಹುಂಜ ಉಳಿಯಿತು, ಕುಂಬಳಕಾಯಿ ಇಳಿಯಿತು.

ಗುರುವಾರ ಬೆಳಿಗ್ಗೆ ಲೂಸಿ ಬಾಯಿ ಬ್ರೆಡ್ಡು ತಂದುಕೊಟ್ಟರು. ಕೊಟ್ಟು ಸುಮ್ಮನೆ ಹೋಗಿದ್ದರೆ ಆಗುತ್ತಿತ್ತು. ಅತ್ತೆಯ ಹತ್ತಿರ ನಿಂತು ಅದನ್ನು ಹೊಗಳಿದರು. ಈ ಬೇಕರಿಯದ್ದು ಮಾತ್ರ ಇಷ್ಟು ಮೆತ್ತಗೆ ಉಬ್ಬುತ್ತದೆ, ಯಾಕೆಂದರೆ ಹಿಟ್ಟಿಗೆ ಒಳ್ಳೆಯ ತಾಜಾ ಕಳ್ಳು ಹಾಕುತ್ತಾರೆ ಎಂದರು. ಅತ್ತೆ ಬ್ರೆಡ್ಡನ್ನು ಎರಡು ಬೆರಳಲ್ಲಿ ಎತ್ತಿ ಅವರ ಕೈಗೇ ವಾಪಸು ಕೊಟ್ಟರು. “ನಾಳೆ ನಾಗ, ಇವತ್ತು ಕಳ್ಳು. ನೀವೇ ತಿನ್ನಿ ಬಾಯಿ, ನಮಗೆ ಬೇಡ.”

ಬ್ರೆಡ್ಡೂ ಹೋಯಿತು. ನಾನು ಅಡುಗೆಮನೆಯ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತೆ. ಗರಿಗರಿಯಾಗಿ ಒಣಗಿದ್ದು, ಪುಡಿಯಾಗುವಂಥದ್ದು, ರಸ ಕುಡಿಯುವಂಥದ್ದು ಏನುಂಟು ಎಂದು ಕಣ್ಣಾಡಿಸಿದಾಗ ಡಬ್ಬಿಯಲ್ಲಿದ್ದ ಕೋರಿ ರೊಟ್ಟಿ ಕಾಣಿಸಿತು. ಕೋಳಿ ಸಾರಿನಲ್ಲಿ ನೆನೆಸಿ ತಿನ್ನುವ ನಮ್ಮ ಅಕ್ಕಿಯ ಒಣ ರೊಟ್ಟಿ. ತುಳುವಿನಲ್ಲಿ ಕೋರಿ ಎಂದರೆ ಕೋಳಿ, ಹೆಸರಿನಲ್ಲಿಯೇ ಅದು ಇದೆಯಲ್ಲ, ಅತ್ತೆ ಒಪ್ಪುವರೋ ಇಲ್ಲವೋ ಎಂದು ಅಳುಕಿನಿಂದಲೇ ಕೇಳಿದೆ. “ರೊಟ್ಟಿ ಎಂತ ಮಾಡಿದೆ ಪಾಪ, ಅದು ಬರೀ ಅಕ್ಕಿ. ಮೈಲಿಗೆ ಏನಿದ್ದರೂ ಸಾರಿಗೆ” ಎಂದರು.

ಬೆಳ್ಳುಳ್ಳಿ ಆಗುವುದಿಲ್ಲ ಎಂದರು. ನೀರುಳ್ಳಿಯೂ ಆಗುವುದಿಲ್ಲ ಎಂದರು. ನೀರುಳ್ಳಿ ಇಲ್ಲದಿದ್ದರೆ ಅದು ತನ್ನ ಅಮ್ಮನ ಅಡುಗೆಯೇ ಅಲ್ಲ ಎಂದು ಡೇವಿಡ್ ತುಂಬ ವಿನಯದಿಂದ ಹೇಳಿದ. ಅತ್ತೆ ಯೋಚಿಸಿ, ನಾನು ಹೂ ಕೊಯ್ಯಲು ಹಿತ್ತಿಲಿಗೆ ಹೋಗುತ್ತೇನೆ, ನಾನು ಬರುವುದರೊಳಗೆ ಹೆಚ್ಚಿ ಹುರಿದು ಮುಗಿಸಿರಬೇಕು, ನಾನು ಕಂಡಿಲ್ಲ ಎಂದು ಬುಟ್ಟಿ ಹಿಡಿದು ಹೊರಟರು. ಆ ದಿನ ಅವರು ಹೂ ಕೊಯ್ದಷ್ಟು ಹೊತ್ತು ಯಾವತ್ತೂ ಕೊಯ್ದದ್ದಿಲ್ಲ.

ಪರಿಮಳದ ಸೊಪ್ಪಿನ ಹೆಸರು ಡೇವಿಡನಿಗೆ ಇಂಗ್ಲಿಷಿನಲ್ಲಿ ಮಾತ್ರ ಗೊತ್ತಿತ್ತು. ಎಲೆ ಸ್ವಲ್ಪ ದಪ್ಪ, ಮೈಯಲ್ಲಿ ಸಣ್ಣ ರೋಮ, ಖಾರದ ವಾಸನೆ ಎಂದ. ಅತ್ತೆ ಅವನನ್ನು ಹಿತ್ತಿಲಿನಲ್ಲಿ ಸುತ್ತಿಸಿದರು. ತುಳಸಿ ಮೂಸಿಸಿದರು, ಅಲ್ಲ ಎಂದ. ಕರಿಬೇವು, ಅಲ್ಲ. ಅರಶಿನದ ಎಲೆ ಮೂಸಿ ಬಹಳ ಚೆನ್ನಾಗಿದೆ, ಆದರೆ ಅಲ್ಲ ಎಂದ. ಕೊನೆಗೆ ಬಾವಿಕಟ್ಟೆಯ ಬದಿಯ ಸಾಂಬ್ರಾಣಿ ಸೊಪ್ಪು, ಘಟ್ಟದ ಮೇಲಿನವರು ದೊಡ್ಡಪತ್ರೆ ಎನ್ನುತ್ತಾರಲ್ಲ ಅದನ್ನು ಮೂಗಿಗೆ ಹಿಡಿದಾಗ ಅವನು ಕಣ್ಣು ಮುಚ್ಚಿ ಸುಮ್ಮನೆ ನಿಂತ. ಕೆಮ್ಮಿನ ಮಕ್ಕಳಿಗೆ ರಸ ಹಿಂಡುವ ಸೊಪ್ಪು ಒಬ್ಬ ದೊಡ್ಡ ಹುಡುಗನ ಕಣ್ಣಲ್ಲಿ ನೀರು ತರಿಸಿದ್ದನ್ನು ನಾನು ಅಂದೇ ಕಂಡದ್ದು.

ಇನ್ನು ಕುಂಬಳಕಾಯಿಗೆ ಬಾಯಿ ಮಾಡಬೇಕು. ನಾನು ಕತ್ತಿ ತೆಗೆದುಕೊಂಡೆ. ಅತ್ತೆ ತಡೆದರು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕುವ ಹಾಗಿಲ್ಲವಲ್ಲ. ನಮ್ಮವರು ಬಸ್ಸಿನ ಹತ್ತಿರ ಅತಿಥಿಗಳಿಗೆ ಕಾಯಲು ಹೋಗಿಯಾಗಿತ್ತು.

ಅತ್ತೆ ಡೇವಿಡನನ್ನು ಮೇಲಿಂದ ಕೆಳಗೆ ನೋಡಿದರು. “ಎಂತ ನೋಡುವುದು? ಮನೆಯ ಗಂಡಸಲ್ಲವಾ ನೀನು? ಕಡಿ.”

ನಾನು ಅವನಿಗೆ ಕ್ರಮ ವಿವರಿಸಿದೆ. ಅವನಿಗೆ ಆಶ್ಚರ್ಯವೋ ಆಶ್ಚರ್ಯ. ಅವರಲ್ಲಿಯೂ ಹಬ್ಬದ ದಿನ ಬೆಂದ ಹಕ್ಕಿಯನ್ನು ಕೊಯ್ದು ಹಂಚುವುದು ಮನೆಯ ಯಜಮಾನನೇ ಅಂತೆ. ಅವನಪ್ಪ ಇರುವಷ್ಟು ದಿನ ಆ ಚೂರಿ ತನ್ನ ಕೈಗೆ ಬರುವುದಿಲ್ಲ ಎಂದುಕೊಂಡಿದ್ದನಂತೆ. ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಕಟ್ಟಿ, ಒಂದು ಹಾಕಿದ. ಕುಂಬಳಕಾಯಿಯ ಟೊಪ್ಪಿ ಒಂದು ಕಡೆ ಎತ್ತರ ಒಂದು ಕಡೆ ತಗ್ಗಾಗಿ ಬಂತು.

“ಓರೆ ಮಾಡಿದ ಮಾರಾಯ. ನೆಟ್ಟಗೆ ಒಂದು ಕಡಿಯಲಿಕ್ಕೆ ಬರುವುದಿಲ್ಲ, ಕೋಳಿಗೆ ಪಾಠ ಹೇಳ್ತಾನೆ” ಎಂದರು ಅತ್ತೆ. ಅವನು ನಕ್ಕ. ವಾರದಿಂದ ಅವನು ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲು.

ರೊಟ್ಟಿಯ ಪುಡಿಗೆ ತೆಂಗಿನ ಹಾಲು, ತುಪ್ಪ, ಗೇರುಬೀಜ, ಬೇಯಿಸಿದ ಹಲಸಿನ ಬೀಜ, ಕಾಳುಮೆಣಸು, ಯಾರೂ ಕಾಣದ ನೀರುಳ್ಳಿ, ಸಾಂಬ್ರಾಣಿ ಸೊಪ್ಪು ಸೇರಿಸಿ ಕಲಸಿದೆ. ತಿರುಳು ತೆಗೆದ ಕುಂಬಳದೊಳಗೆ ಒತ್ತಿ ತುಂಬಿಸಿ, ಓರೆ ಟೊಪ್ಪಿ ಮುಚ್ಚಿ, ಬಾಳೆ ಎಲೆಯಲ್ಲಿ ಸುತ್ತಿ ಬಚ್ಚಲೊಲೆಯ ಬಿಸಿ ಬೂದಿಯಲ್ಲಿ ಹೂತಿಟ್ಟೆ. ಎಷ್ಟು ಹೊತ್ತು ಎಂದು ಯಾರಿಗೆ ಗೊತ್ತು? ಪರಿಮಳ ಬಂದಾಗ ಬೆಂದಿತು ಎಂದು ಅತ್ತೆ ತೀರ್ಮಾನ ಕೊಟ್ಟರು. ಪರಿಮಳವೇನೋ ಬಂತು. ಆದರೆ ನಾವು ತೆಗೆಯುವಾಗ ಸ್ವಲ್ಪ ತಡವಾಗಿತ್ತು.

ಮಧ್ಯಾಹ್ನ ಚಾವಡಿಯಲ್ಲಿ ಎಲೆ ಹಾಕಿ ಎಲ್ಲರನ್ನೂ ಕೂರಿಸಿದೆವು. ಟಾಮ್ ಚಕ್ಕಳಮಕ್ಕಳ ಹಾಕಿ ಸರಿಯಾಗಿ ಕುಳಿತ. ಫ್ರಾಂಕನಿಗೆ ಕಾಲು ಮಡಚಲು ಬಾರದೆ ಮಣೆ ಮೂರು ಸಲ ಜಾರಿತು. ಅವನ ಚೀಲದಲ್ಲಿ ಡಬ್ಬಿ ಇದ್ದದ್ದು ನನಗೆ ಕಾಣುತ್ತಿತ್ತು. ನಮ್ಮವರೂ ನಾನೂ ಕುಂಬಳಕಾಯಿಯನ್ನು ದೊಡ್ಡ ಹರಿವಾಣದಲ್ಲಿಟ್ಟು ಇಬ್ಬರೂ ಒಂದೊಂದು ಕಡೆ ಹಿಡಿದು ತಂದು ನಡುವೆ ಇಟ್ಟೆವು. ಮೂವರೂ ಕೈಮುಗಿದು ಏನೋ ಪ್ರಾರ್ಥನೆ ಹೇಳಿದರು. ಡೇವಿಡ್ ಕತ್ತಿ ತಾಗಿಸಿದ. ತಾಗಿಸಿದ್ದಷ್ಟೇ. ಬೆಂದು ಮೆತ್ತಗಾಗಿದ್ದ ಕುಂಬಳಕಾಯಿ ಪುಸಕ್ಕನೆ ನಾಲ್ಕೂ ಕಡೆಗೆ ಮಲಗಿಬಿಟ್ಟಿತು. ಹೊಟ್ಟೆಯೊಳಗಿನದ್ದು ಮಾತ್ರ ನಡುವೆ ಗುಡ್ಡದ ಹಾಗೆ ನಿಂತು ಹಬೆಯಾಡುತ್ತಿತ್ತು.

ಫ್ರಾಂಕ್ ಆ ಗುಡ್ಡವನ್ನು ಒಂದು ಸುತ್ತು ನೋಡಿ, ಪುಸ್ತಕದ ಕನ್ನಡದಲ್ಲಿ ಕೇಳಿದ: “ಪಕ್ಷಿಯು ಎಲ್ಲಿದೆ?”

ಅದೇ ಹೊತ್ತಿಗೆ ಅಂಗಳದ ಪೇರಳೆ ಗಿಡದ ಬುಡದಿಂದ ಹುಂಜ ಗಂಟಲು ಬಿಚ್ಚಿ ಒಂದು ಕೂಗು ಹಾಕಿತು.

ಮೊದಲು ನಕ್ಕದ್ದು ಟಾಮ್. ಆಮೇಲೆ ನಮ್ಮವರು. ಆಮೇಲೆ ಫ್ರಾಂಕ್ ನಗುತ್ತಾ ಮಣೆಯಿಂದ ಪೂರಾ ಜಾರಿ ನೆಲಕ್ಕೇ ಬಂದ. ಅತ್ತೆ ಮಾತ್ರ ನಗದೆ, ತಣ್ಣಗಾಗುತ್ತದೆ, ಬಡಿಸು ಎಂದರು.

ಬಡಿಸಿದೆ. ಡೇವಿಡ್ ಒಂದು ತುತ್ತು ಬಾಯಿಗಿಟ್ಟು ತುಂಬ ಹೊತ್ತು ಅಗಿದ. ನಾನು ಸೌಟು ಹಿಡಿದು ನಿಂತೇ ಇದ್ದೆ. “ನನ್ನ ಅಮ್ಮನ ಹಾಗೆ ಇಲ್ಲ, ಅಕ್ಕ” ಎಂದ. ನಾನು ಸೌಟು ಕೆಳಗಿಟ್ಟೆ. ಅವನು ಇನ್ನೊಂದು ತುತ್ತು ತೆಗೆದುಕೊಂಡು ಹೇಳಿದ, “ಆದರೆ ನಮ್ಮ ಮನೆಯ ಹಾಗೆಯೇ ಉಂಟು.” ಉಂಟು ಎಂಬುದು ಅವನ ಪುಸ್ತಕದಲ್ಲಿ ಇರಲಿಲ್ಲ. ಅದನ್ನು ಅವನು ನಮ್ಮಿಂದ ಕಲಿತದ್ದು.

ಫ್ರಾಂಕ್ ನಾಲ್ಕನೇ ಸಲ ಎಲೆ ಮುಂದೆ ಮಾಡುತ್ತಾ ಒಂದು ಗುಟ್ಟು ಹೇಳಿದ. ಅವರಲ್ಲಿ ಯಾರಿಗೂ ಆ ಹಕ್ಕಿಯ ಮೇಲೆ ಅಷ್ಟು ಆಸೆಯಿಲ್ಲವಂತೆ. ಅದು ಒಣಗಿ ನಾರಾಗಿರುತ್ತದಂತೆ. ಎಲ್ಲರೂ ಜಗಳವಾಡುವುದು ಒಳಗೆ ತುಂಬಿಸಿದ್ದಕ್ಕೇ. ಹಕ್ಕಿ ಬರೀ ಪಾತ್ರೆ. ನಮ್ಮವರು ಇದನ್ನು ತುಳುವಿನಲ್ಲಿ ಹೇಳಿದಾಗ ಅತ್ತೆ, “ಹಾಗಾದರೆ ಇಷ್ಟು ದಿನ ಆ ಪಾತ್ರೆಗೆ ನನ್ನ ಅಕ್ಕಿ ಹಾಕಿದ್ದು ಯಾಕೆ ಕೇಳು” ಎಂದರು. ಡಬ್ಬಿಯ ಮೀನು ಚೀಲದಿಂದ ಹೊರಗೆ ಬರಲೇ ಇಲ್ಲ.

ಮರುದಿನ ತಂಬಿಲ ಚೆನ್ನಾಗಿ ನಡೆಯಿತು. ಡೇವಿಡ್ ದೂರದಲ್ಲಿ ಕೈಮುಗಿದು ನಿಂತು ಪ್ರಸಾದ ತೆಗೆದುಕೊಂಡ. ಅತ್ತೆ ಭಟ್ಟರ ಹತ್ತಿರ ಕುಂಬಳಕಾಯಿಯ ಸಂಗತಿ ಹೇಳಿದರು, ನೀರುಳ್ಳಿಯೊಂದನ್ನು ಬಿಟ್ಟು. ಭಟ್ಟರು ತಲೆದೂಗಿ, ಮನೆಯಲ್ಲಿ ಹೇಳಿ ಮಾಡಿಸಬೇಕು ಎಂದು ವಿವರ ಎಲ್ಲ ಕೇಳಿಕೊಂಡು ಹೋದರು. ಶನಿವಾರ ಹುಂಜ ಸಾರಾಯಿತು. ಆದರೆ ಜೊತೆಗೆ ತಿನ್ನಲು ಡಬ್ಬಿಯಲ್ಲಿ ಒಂದೇ ಒಂದು ರೊಟ್ಟಿ ಉಳಿದಿರಲಿಲ್ಲ. ಅನ್ನಕ್ಕೆ ಕಲಸಿ ಉಂಡೆವು.

ಡೇವಿಡ್ ಮರುವರ್ಷ ಊರಿಗೆ ಹೋದ. ಕುಂಬಳಕಾಯಿ ಮಾತ್ರ ನಮ್ಮಲ್ಲಿ ಉಳಿಯಿತು. ಈಗ ನಾಗನ ಪೂಜೆಯ ಹಿಂದಿನ ದಿನ ಅದು ಆಗಲೇಬೇಕು. ಬಂದವರು ಇದೆಂಥ ಹೊಸ ಅಡುಗೆ ಎಂದು ಕೇಳಿದರೆ ಅತ್ತೆ ಒಂದಿಷ್ಟೂ ಅಳುಕದೆ, “ಹೊಸತೆಂತದ್ದು, ಕನ್ಯಾನದ ನನ್ನ ತವರಿನಲ್ಲಿ ಹಿಂದಿನಿಂದ ಮಾಡುವುದು” ಎನ್ನುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ಅಂದು ಹೂ ಕೊಯ್ಯಲು ಹೋಗಿ ಅಷ್ಟು ಹೊತ್ತು ಬಾರದೆ ನಿಂತವರ ಋಣ ನನ್ನ ಮೇಲೆ ಅಷ್ಟಿದೆ.

ಮೊದಲ ಏಟು ಹಾಕುವುದು ಈಗ ನಮ್ಮವರ ಕೆಲಸ. ಅವರ ಕೈ ಸ್ಥಿರ, ಟೊಪ್ಪಿ ಅಳತೆ ಹಿಡಿದ ಹಾಗೆ ದುಂಡಗೆ ಬರುತ್ತದೆ. ಅತ್ತೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಪ್ರತಿ ವರ್ಷವೂ ಒಂದೇ ಮಾತು.

“ಏನೋ ಓರೆಯಾಯಿತು. ದೇವು ನೆಟ್ಟಗೆ ಕಡಿದಿದ್ದ.”