ಅಕ್ಕ ತಂದ ಹೂವು

ಹೂವು ಕೊಳೆಸಿದ್ದು ನಾನು. ಈ ಒಂದು ಮಾತನ್ನು ಅಕ್ಕ ಬದುಕಿದ್ದಾಗ ಹೇಳಲಿಲ್ಲ. ಹೋದ ವಾರ ಶಿವಾಜಿನಗರದ ಮಾರ್ಕೆಟ್ಟಿನ ಹಿಂದೆ ಕಸದ ರಾಶಿಗೆ ಸುರಿದಿದ್ದ ಸುಗಂಧರಾಜದ ವಾಸನೆ ಮೂಗಿಗೆ ಹೊಡೆಯಿತು. ಕೊಳೆತ ಮೇಲೂ ಅದರಲ್ಲಿ ಸಿಹಿ ಉಳಿದಿರುತ್ತದೆ, ಅದೇ ಹೇಸಿಗೆ. ಗೋಡೆ ಹಿಡಿದು ನಿಂತೆ. ಹೂವಿಗಿಂತ ನನ್ನ ಮೇಲೇ ಅಸಹ್ಯವಾಯಿತು...

ಅಕ್ಕ ಹಲಸೂರಿನಲ್ಲಿದ್ದುಕೊಂಡು ಮದುವೆ ಮಂಟಪಗಳಿಗೆ ಹೂವಿನ ಅಲಂಕಾರ ಮಾಡಿಸುತ್ತಿದ್ದಳು. ನಾವು ಏಳೆಂಟು ಜನ. ಪ್ರತಿ ಕೆಲಸ ಮುಗಿದು ಮಂಟಪ ಬಿಚ್ಚಿದ ಮೇಲೆ ಟೀ, ಬನ್ನು ತರಿಸಿ, ಮಡಿಸಿದ ಟಾರ್ಪಾಲಿನ ಮೇಲೆ ಎಲ್ಲರನ್ನೂ ಕೂರಿಸುತ್ತಿದ್ದಳು. ಏನು ಚೆನ್ನಾಗಾಯಿತು, ಎಲ್ಲಿ ಕೆಟ್ಟಿತು, ಮುಂದಿನ ಸಲ ಏನು ಬದಲಿಸಬೇಕು ಎಂದು ಒಬ್ಬೊಬ್ಬರೂ ಹೇಳಬೇಕು. ಮೊದಲು ಅವಳೇ ತನ್ನ ತಪ್ಪು ಹೇಳುತ್ತಿದ್ದಳು. ತನ್ನ ಮೇಲೆ ಮಾತು ಬಂದವರು ವಾದಿಸುವಂತಿರಲಿಲ್ಲ. "ಕೇಳಿಸ್ಕೊಂಡೆ" ಅನ್ನಬೇಕು, ಅಷ್ಟೇ. ವಾದ ಶುರುವಾದರೆ ಮುಂದಿನವರು ಬಾಯಿ ಬಿಡುವುದಿಲ್ಲ ಎಂಬುದು ಅವಳ ನಂಬಿಕೆ.

ಹಾರ ಕಟ್ಟುವ ಮುದುಕಿಯೊಬ್ಬರಿದ್ದರು, ತಮಿಳಿನಲ್ಲಿ ಅಜ್ಜಿ ಅನ್ನುವಂತೆ ಎಲ್ಲರೂ ಪಾಟಿ ಅನ್ನುತ್ತಿದ್ದೆವು. ಒಮ್ಮೆ ಅವರು ನನ್ನ ಕಡೆ ಕೈ ತೋರಿಸಿ, "ನಿನ್ ಹೂವಿನ್ ಕಮಾನು ನಿನ್ ತಮ್ಮನ್ ಥರಾನೇ ಇತ್ತಮ್ಮಾ, ಒರಗೋಕೆ ಗೋಡೆ ಹುಡುಕ್ತಿತ್ತು" ಎಂದರು. ಅಕ್ಕನಿಗೆ ನಗುವಿನಲ್ಲಿ ಬನ್ನು ಗಂಟಲಿಗೆ ಸಿಕ್ಕಿತು. "ಕೇಳಿಸ್ಕೊಂಡೆ ಪಾಟಿ, ಇಬ್ರನ್ನೂ ನೆಟ್ಟಗೆ ಮಾಡ್ತೀನಿ" ಅಂದಳು.

ಒಂದು ಬೇಸಿಗೆ ಇಂದಿರಾನಗರದಲ್ಲಿ ಮದುವೆಯಿತ್ತು. ಅಕ್ಕ ಬೆಳಗ್ಗೆ ತಂದ ಸುಗಂಧರಾಜವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಒದ್ದೆ ಗೋಣಿಯ ಮೇಲೆ ಹರವುವುದು ನನ್ನ ಕೆಲಸ. ಅವಳು ಕಮಾನು ಕಟ್ಟಿಸಲು ಛತ್ರಕ್ಕೆ ಹೋದಳು. ನಾನು ಗಂಟು ಕೂಡ ಬಿಚ್ಚದೆ ಕಮರ್ಷಿಯಲ್ ಸ್ಟ್ರೀಟಿಗೆ ಅಂಗಿ ತರಲು ಹೋದೆ. ಮಧ್ಯಾಹ್ನ ಕಳೆದ ಮೇಲೆ ಬಂದು ಕವರುಗಳನ್ನು ಹಾಗೇ ಛತ್ರಕ್ಕೆ ಹೊತ್ತೊಯ್ದೆ. ಬಿಚ್ಚಿದರೆ ಹೂವು ಬೆಂದು ಲೋಳೆಯಾಗಿತ್ತು. ಇದ್ದುದರಲ್ಲಿ ಆರಿಸಿ ಕಟ್ಟಿದೆವು. ಆರತಕ್ಷತೆಯಲ್ಲಿ ಮದುಮಗಳು ಮೂಗಿಗೆ ಕರ್ಚೀಫು ಹಿಡಿದು ಕೂತಿದ್ದಳು.

ಮಾರನೆಯ ದಿನ ಟಾರ್ಪಾಲಿನ ಮೇಲೆ ಅಕ್ಕ, "ಹೂವನ್ನ ಇನ್ನೊಂದ್ಸಲ ನೋಡ್ಬೇಕಿತ್ತು, ನೋಡ್ಲಿಲ್ಲ. ಅದು ನನ್ ತಪ್ಪು" ಎಂದು ಶುರು ಮಾಡಿದಳು. ನನ್ನ ಸರದಿ ಬಂತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಅಕ್ಕ ತಂದಿದ್ದೇ ಹಳೇ ಹೂವು" ಎಂದೆ.

ಹೂವನ್ನು ಆರಿಸಿ ತಂದವಳೇ ಅವಳು, ಅದು ಸುಳ್ಳೆಂದು ಗೊತ್ತಾಗದೆ ಇರುತ್ತದೆಯೇ? ನನ್ನ ಮುಖವನ್ನೇ ನೋಡಿದಳು. ಆದರೂ ತಾನು ಮಾಡಿದ ನಿಯಮ ಮುರಿಯಲಿಲ್ಲ. "ಕೇಳಿಸ್ಕೊಂಡೆ" ಅಂದಳು...

ಹಳೇ ಹೂವು ತರುತ್ತಾಳೆ ಎಂಬ ಮಾತು ಹಬ್ಬಿ ಕೆಲಸಗಳು ಕಡಿಮೆಯಾದವು. ಒಬ್ಬೊಬ್ಬರೇ ಬಿಟ್ಟು ಹೋದರು, ಪಾಟಿಯೂ ಹೋದರು. ಉಳಿದವರು ಟಾರ್ಪಾಲಿನ ಮೇಲೆ ಕೂತು ಬರೀ ಟೀ ಕುಡಿದು ಏಳುತ್ತಿದ್ದರು. ಕೊನೆಗೆ ಅಕ್ಕ ಆ ಕೆಲಸವನ್ನೇ ನಿಲ್ಲಿಸಿದಳು. ಎರಡು ವರ್ಷದ ಹಿಂದೆ ಕಾಯಿಲೆ ಬಿದ್ದು ತೀರಿಕೊಂಡಳು. ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಕೂತು ಕಿತ್ತಳೆ ಸುಲಿದು ಕೊಟ್ಟೆನೇ ಹೊರತು...

ವಾಸನೆ ಹೊಡೆದ ಆ ದಿನ ಅಲ್ಲಿಂದ ನೇರ ಹಲಸೂರಿಗೆ ಹೋದೆ. ಪಾಟಿ ಬಾಗಿಲಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದರು. ಕಣ್ಣು ಕಿರಿದು ಮಾಡಿ, "ಯಾರಪ್ಪಾ, ಗೋಡೆ ಹುಡುಕೋನಾ?" ಎಂದರು. ನಾನು ಒರಗಲಿಲ್ಲ. ಅವರ ಮುಂದೆ ನೆಲದ ಮೇಲೆ ಕೂತೆ. "ಕೇಳಿಸ್ಕೊಂಡೆ" ಅನ್ನಬೇಕಾದವಳು ಈಗಿಲ್ಲ. ಅವತ್ತು ಟಾರ್ಪಾಲಿನ ಮೇಲಿದ್ದವರಲ್ಲಿ ನನಗೆ ಸಿಕ್ಕವರು ಇವರೊಬ್ಬರೇ.

"ಪಾಟಿ, ಅಕ್ಕ ತಂದಿದ್ದು ತಾಜಾ ಹೂವು. ಗಂಟು ಬಿಚ್ದೆ ಕೊಳೆಸಿದ್ದು ನಾನು. ಅವಳ ಮೇಲೆ ಸುಳ್ಳು ಹೇಳ್ಬಿಟ್ಟೆ. ತಪ್ಪಾಯ್ತು ಪಾಟಿ... ತಪ್ಪಾಯ್ತು ಅಕ್ಕಾ."